ಎದೆಗೆ ಕಟ್ಟಿದ ಮಲ್ಲಿಗೆ

ಕೊರೊನಾದ ಎರಡನೇ ಅಲೆ ಇಳಿದ ಮರುವರ್ಷ ನಾನು ಹುಣಸೂರು ಕಡೆಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ರೇಡಿಯಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ಹೆಚ್ಚು ಕಾಲ ಉಳಿದಿರಲಿಲ್ಲ. ರೇಡಿಯಾಲಜಿಸ್ಟ್ ಎಂದರೆ ಎಕ್ಸ್‌ರೇ, ಸ್ಕ್ಯಾನಿಂಗ್ ನೋಡಿ ಮೈಯೊಳಗೆ ಏನಾಗಿದೆ ಎಂದು ಬರೆದುಕೊಡುವ ವೈದ್ಯರು. ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಹೆಚ್.ಡಿ. ಕೋಟೆಯ ಹೆಂಗಸರಿಗೆ ಅಷ್ಟುದ್ದದ ಹೆಸರು ಯಾಕೆ ಬೇಕು? ಅವರ ಬಾಯಲ್ಲಿ ನಾನು ‘ಸ್ಕ್ಯಾನಿಂಗ್ ಡಾಕ್ಟ್ರಮ್ಮ’. ಬೆನ್ನ ಹಿಂದೆ ‘ಬಯ್ಯೋ ಡಾಕ್ಟ್ರಮ್ಮ’. ಎರಡೂ ಸುಳ್ಳಲ್ಲ. ಬಸುರಿಯರ ಹೊಟ್ಟೆ ನೋಡುವುದೇ ನನ್ನ ದಿನದ ಮುಕ್ಕಾಲು ಕೆಲಸ. ಎಂಟು ತಿಂಗಳಾದರೂ ಒಂದು ಸಲವೂ ಆಸ್ಪತ್ರೆಯ ಕಡೆ ತಲೆ ಹಾಕದೆ ಬಂದವಳನ್ನು ಕಂಡರೆ ಬಯ್ಯದೆ ಮುದ್ದು ಮಾಡಲು ನನಗೆ ಬರುವುದಿಲ್ಲ.

ಶ್ರಾವಣದ ಶುರುವಿನಲ್ಲಿ ಪಿರಿಯಾಪಟ್ಟಣದ ಕಡೆಯ ಕೊಪ್ಪದಲ್ಲಿ ಸ್ತನ ಕ್ಯಾನ್ಸರ್ ತಪಾಸಣೆಯ ಶಿಬಿರ ಇತ್ತು. ಕೈಯಿಂದ ಮುಟ್ಟಿ ಪರೀಕ್ಷೆ ಮಾಡಲು ಹೆಣ್ಣು ಡಾಕ್ಟರೇ ಬೇಕು, ಬೇರೆ ಯಾರೂ ಸಿಗಲಿಲ್ಲ ಎಂದು ನನ್ನನ್ನು ಕಳಿಸಿದ್ದರು. ನನ್ನ ಮೆಷಿನ್ ಜೊತೆಗಿರಲಿಲ್ಲ. ಸ್ಕ್ಯಾನಿಂಗ್ ಮೆಷಿನ್ನನ್ನು ಬೇಕೆಂದ ಕಡೆ ಹೊತ್ತು ತಿರುಗಲು ಕಾನೂನು ಬಿಡುವುದಿಲ್ಲ. ಹೆಣ್ಣು ಭ್ರೂಣದ ಹತ್ಯೆ ತಡೆಯಲು ಮಾಡಿದ ಕಾನೂನು ಅದು, ಮಾಡಿದ್ದು ಸರಿಯಾಗಿಯೇ ಇದೆ. ಹಾಗಾಗಿ ಅಂದು ನನ್ನ ಎರಡು ಕೈಯೇ ಮೆಷಿನ್.

ಸ್ಕ್ರೀನಿಂಗ್ ಎಂದರೆ ಕಾಯಿಲೆಯ ಸುಳಿವೇ ಇಲ್ಲದವರನ್ನೂ ಕರೆದು ನೋಡುವುದು. ಸರ್ಕಾರದ ಕಾರ್ಯಕ್ರಮದಲ್ಲಿ ಇದಕ್ಕೆ ವಯಸ್ಸು ಮೂವತ್ತರಿಂದ ಮೇಲೆ. ಅದಕ್ಕಿಂತ ಚಿಕ್ಕವರಲ್ಲಿ ಈ ಕಾಯಿಲೆ ಅಪರೂಪ. ಅಲ್ಲದೆ ಮ್ಯಾಮೋಗ್ರಾಂ ಅನ್ನುವ ಎದೆಯ ಎಕ್ಸ್‌ರೇ ಹರೆಯದವರಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವರ ಎದೆಯ ಅಂಗಾಂಶ ದಟ್ಟವಾಗಿರುತ್ತದೆ, ಎಕ್ಸ್‌ರೇಯಲ್ಲಿ ಅದೂ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಮೊಸರನ್ನದಲ್ಲಿ ಕೊಬ್ಬರಿ ಚೂರು ಹುಡುಕಿದ ಹಾಗೆ. ಅವರಿಗೆ ಅಲ್ಟ್ರಾಸೌಂಡ್ ಬೇಕು, ಕೆಲವರಿಗೆ ಎಂಆರ್‌ಐ ಬೇಕು. ಎಲ್ಲ ಹುಡುಗಿಯರಿಗೂ ಬೇಡ. ಆದರೆ ಯಾರ ಮನೆಯಲ್ಲಿ ತಾಯಿಗೋ ಅಕ್ಕನಿಗೋ ಚಿಕ್ಕಮ್ಮ ದೊಡ್ಡಮ್ಮನಿಗೋ ಎಳೆ ವಯಸ್ಸಿನಲ್ಲೇ ಇದು ಬಂದಿದೆಯೋ ಆ ಮನೆಯ ಹೆಣ್ಣುಮಕ್ಕಳು ಮೂವತ್ತು ತುಂಬಲಿ ಎಂದು ಕಾಯುತ್ತಾ ಕೂರಬಾರದು. ಈ ಮಾತನ್ನು ನಾನು ನರ್ಸುಗಳಿಗೆ, ಆಶಾ ಕಾರ್ಯಕರ್ತೆಯರಿಗೆ ಬಾಯಿಪಾಠ ಮಾಡಿಸಿದ್ದೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬಳು ಹುಡುಗಿ ಅತ್ತೆಯ ಕೈ ಹಿಡಿದುಕೊಂಡು ಪರದೆಯ ಒಳಗೆ ಬಂದಳು. ಅತ್ತೆಗೆ ಮಂಡಿನೋವು, ಮಂಚ ಹತ್ತಲು ಆಸರೆ ಬೇಕಿತ್ತು. ಹುಡುಗಿ ಹೊಗೆಸೊಪ್ಪಿನ ಕೆಲಸದಿಂದ ನೇರ ಬಂದಿದ್ದಳು. ಅದು ಎಲೆ ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎನ್ನುವ ಒಲೆಮನೆಗೆ ಏರಿಸಿ ಬೇಯಿಸುವ ಕಾಲ. ಬೆರಳುಗಳೆಲ್ಲ ಸೊಪ್ಪಿನ ಅಂಟಿನಿಂದ ಕಪ್ಪಗಾಗಿದ್ದವು, ಸೀರೆಗೆಲ್ಲ ಅದೇ ಘಾಟು. ಆ ಘಾಟಿನ ನಡುವೆ ನನಗೆ ಮಲ್ಲಿಗೆಯ ವಾಸನೆ ಬಂತು. ತಲೆ ನೋಡಿದೆ, ಹೂವಿಲ್ಲ. ಅತ್ತೆಯ ತಲೆಯಲ್ಲೂ ಇಲ್ಲ.

‘ಏನಮ್ಮಾ, ಹೂವ ಎಲ್ಲಿ ಬಚ್ಚಿಟ್ಟಿದ್ದೀಯ?’ ಎಂದೆ, ತಮಾಷೆಗೆ.

ಹುಡುಗಿ ತಲೆ ತಗ್ಗಿಸಿದಳು. ಅತ್ತೆಯೇ ಹೇಳಿದರು: ‘ಎದ್ಗೆ ಕಟ್ಟವ್ಳೆ ಕಣವ್ವ. ಹಾಲು ಬತ್ತಲಿ ಅಂತ. ಹಾಲು ಗಂಟಾಗದೆ ಅಂತ ಅವ್ರವ್ವ ಯೋಳವ್ರೆ.’

ನಮ್ಮ ಕಡೆ ಮಗುವಿಗೆ ಹಾಲು ಬಿಡಿಸುವಾಗ ಮಲ್ಲಿಗೆಯ ಮೊಗ್ಗನ್ನು ರವಿಕೆಯೊಳಗೆ ಎದೆಗೆ ಕಟ್ಟುತ್ತಾರೆ. ಹಾಲು ಕಡಿಮೆಯಾಗುತ್ತದೆ ಎಂದು ನಂಬಿಕೆ. ತಪ್ಪೇನೂ ಇಲ್ಲ, ನಮ್ಮಜ್ಜಿಯೂ ಕಟ್ಟಿಸುತ್ತಿದ್ದಳು. ಆದರೆ ‘ಗಂಟು’ ಅನ್ನುವ ಮಾತು ನನ್ನ ಕಿವಿಯಲ್ಲಿ ನಿಂತಿತು. ಅತ್ತೆಯನ್ನು ಪರೀಕ್ಷೆ ಮಾಡಿ ಮುಗಿಸಿದೆ, ಅವರಿಗೆ ಏನೂ ಇರಲಿಲ್ಲ. ಆಮೇಲೆ ಹುಡುಗಿಗೆ ‘ನೀನು ಮಲಗು’ ಎಂದೆ.

ಹೊರಗೆ ಹೆಸರು ಬರೆಯುತ್ತಿದ್ದ ನರ್ಸ್ ಇಣುಕಿ, ‘ಮೇಡಂ, ಅವಳಿಗಿನ್ನೂ ಮೂವತ್ತಾಗಿಲ್ಲ’ ಎಂದಳು.

‘ಕಾಯಿಲೆಗೆ ಗೊತ್ತೇನಮ್ಮಾ ಅದು?’ ಎಂದು ರೇಗಿದೆ. ಪಾಪ, ಅವಳು ಹೇಳಿದ್ದು ನಿಯಮ.

ಹುಡುಗಿಯ ಹೆಸರು ಸವಿತಾ. ತವರು ಸಾಲಿಗ್ರಾಮದ ಹತ್ತಿರದ ಮಿರ್ಲೆ, ಕೊಟ್ಟಿದ್ದು ಪಿರಿಯಾಪಟ್ಟಣದ ಕಡೆಯ ಹೊಗೆಸೊಪ್ಪಿನ ಮನೆಗೆ. ಇನ್ನೂ ವರ್ಷ ತುಂಬದ ಮಗ. ರವಿಕೆಯ ಗುಂಡಿ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ಬಾಡಿದ ಮೊಗ್ಗು ತೆಗೆದಾಗ ಮುಟ್ಟುವ ಮೊದಲೇ ನನಗೆ ಗೊತ್ತಾಯಿತು. ಚರ್ಮ ಕಿತ್ತಳೆ ಸಿಪ್ಪೆಯ ಹಾಗೆ ಗುಳಿಗುಳಿಯಾಗಿತ್ತು, ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಕೈಗೆ ಸಿಕ್ಕಿದ ಗಡ್ಡೆ ಕಲ್ಲಿನ ಹಾಗೆ, ಅತ್ತಿತ್ತ ಸರಿಯುತ್ತಿರಲಿಲ್ಲ. ಕಂಕುಳಲ್ಲೂ ಗಂಟುಗಳು. ನೋವಿಲ್ಲ ಎಂದಳು. ನೋವಿದ್ದಿದ್ದರೆ ಮೊದಲೇ ಬರುತ್ತಿದ್ದಳೋ ಏನೋ, ಹಾಳಾದ ಕಾಯಿಲೆ.

ಶಿಬಿರ ಮುಗಿಯುವುದನ್ನೂ ಕಾಯದೆ ನಮ್ಮ ಜೀಪಿನಲ್ಲೇ ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ಆಸ್ಪತ್ರೆಗೆ ಬಂದೆ. ಸ್ಕ್ಯಾನಿಂಗ್‌ನಲ್ಲಿ ಅಪಾಯವಿಲ್ಲದ ಸಾಧು ಗಡ್ಡೆ ಅವರೆಕಾಳಿನಂತೆ ನುಣ್ಣಗೆ, ಅಡ್ಡಕ್ಕೆ ಕಾಣುತ್ತದೆ. ಇದು ಉದ್ದಕ್ಕೆ ಎದ್ದು, ಸುತ್ತಲೂ ಮುಳ್ಳುಮುಳ್ಳಾಗಿ, ಹಿಂದೆ ಕಪ್ಪು ನೆರಳು ಚೆಲ್ಲಿ ನಿಂತಿತ್ತು. ಮೈಗೆ ಒತ್ತಿ ನೋಡುವ ಹಿಡಿಯನ್ನು, ಅಂದರೆ ಪ್ರೋಬನ್ನು, ಹೊಟ್ಟೆಯ ಮೇಲೂ ಇಟ್ಟು ನೋಡಿದೆ. ಪಿತ್ತಜನಕಾಂಗದಲ್ಲಿ, ಅಂದರೆ ಲಿವರಿನಲ್ಲಿ, ಇರಬಾರದ ಚುಕ್ಕೆಗಳಿದ್ದವು. ಅವಳಿಗಿನ್ನೂ ಇಪ್ಪತ್ತೇಳು.

‘ಆಲ್ ಗಂಟೇ ಅಲ್ವಾ ಡಾಕ್ಟ್ರೇ?’ ಎಂದಳು.

‘ಅಲ್ಲ ಕಣೇ’ ಎಂದೆ.

ಮೈಸೂರಿನ ಕ್ಯಾನ್ಸರ್ ವಿಭಾಗದಲ್ಲಿ ಬಯಾಪ್ಸಿ ಆಯಿತು. ಸೂಜಿಯಿಂದ ಗಡ್ಡೆಯ ಚೂರು ತೆಗೆದು ಪರೀಕ್ಷೆ ಮಾಡುವುದಕ್ಕೆ ಹಾಗೆನ್ನುತ್ತಾರೆ. ಬಂದದ್ದು ‘ಟ್ರಿಪಲ್ ನೆಗೆಟಿವ್’. ಹೆಸರು ಕೇಳಿದರೆ ನೆಗೆಟಿವ್ ಅಲ್ಲವೇ, ಒಳ್ಳೆಯದೇ ಇರಬೇಕು ಎನಿಸುತ್ತದೆ. ಸವಿತಾಳ ಗಂಡ ಲೋಕೇಶನೂ ಹಾಗೇ ಅಂದುಕೊಂಡು ಫೋನಿನಲ್ಲಿ ಖುಷಿಯಾಗಿ ಹೇಳಿದ. ಮೂರು ಬಗೆಯ ಔಷಧಿಗಳಿಗೆ ಹಿಡಿತ ಸಿಗುವ ಜಾಗವೇ ಆ ಗಡ್ಡೆಯಲ್ಲಿಲ್ಲ ಎಂದು ಅದರ ಅರ್ಥ. ಎಳೆಯ ಹೆಂಗಸರಲ್ಲಿ ಬಂದರೆ ಬೇಗ ಹಬ್ಬುತ್ತದೆ. ಇವಳದ್ದು ಲಿವರಿಗೆ ಹೋಗಿದ್ದರಿಂದ ನಾಲ್ಕನೇ ಹಂತ. ಕಿಮೋಥೆರಪಿಯಿಂದ ಒಂದಿಷ್ಟು ದಿನ ಮುಂದಕ್ಕೆ ದೂಡಬಹುದು, ವಾಸಿ ಮಾಡಲಾಗುವುದಿಲ್ಲ ಎಂದು ಅಲ್ಲಿನ ಡಾಕ್ಟರು ನನಗೆ ಹೇಳಿದರು. ಅದನ್ನು ಲೋಕೇಶನಿಗೆ ವಿವರಿಸಿದವಳು ನಾನೇ. ಅವನು ನಮ್ಮ ಆಸ್ಪತ್ರೆಯ ಮೆಟ್ಟಿಲ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದ.

ಆ ವಾರವೇ ಸವಿತಾಳ ತಾಯಿ ಜಯಮ್ಮ ಮಿರ್ಲೆಯಿಂದ ನಮ್ಮ ವಾರ್ಡಿಗೆ ಬಂದರು. ಹಣೆಯ ತುಂಬ ವಿಭೂತಿ, ನೆಟ್ಟಗೆ ನಿಲ್ಲುವ ಗಟ್ಟಿ ಹೆಂಗಸು. ಗಂಡ ತೀರಿಕೊಂಡ ಮೇಲೆ ಗದ್ದೆಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಒಬ್ಬರೇ ನೋಡಿಕೊಂಡವರು. ಬಂದವರೇ ಎರಡು ಕೈಯನ್ನೂ ನನ್ನ ಮುಂದೆ ಚಾಚಿದರು.

‘ಈ ಕೈ ಕತ್ತರಿಸಾಕಿ ಡಾಕ್ಟ್ರೇ. ಇವೇ ಕೊಂದಿದ್ದು.’

ಕೇಳಿದರೆ ವಿಷಯ ಹೀಗೆ. ಬಾಣಂತನ ತವರಿನಲ್ಲಾಗಿತ್ತು. ನಮ್ಮ ಕಡೆ ಬಾಣಂತಿಗೆ ಹೆತ್ತ ತಾಯಿಯೇ ದಿನಾ ಹರಳೆಣ್ಣೆ ತಿಕ್ಕಿ, ಕುದಿಕುದಿ ನೀರು ಹುಯ್ಯುತ್ತಾಳೆ. ತಿಕ್ಕುವಾಗ ಜಯಮ್ಮನ ಕೈಗೆ ಆ ಗಂಟು ಮೊದಲೇ ಸಿಕ್ಕಿತ್ತು, ಆಗ ಹುಣಸೆ ಬೀಜದಷ್ಟು. ಹಾಲು ಗಂಟು ಅಂದುಕೊಂಡು, ಕರಗಲಿ ಎಂದು ಬಿಸಿ ಎಣ್ಣೆ ಹಾಕಿ ಹೆಬ್ಬೆರಳಿನಿಂದ ಒತ್ತಿ ಒತ್ತಿ ತಿಕ್ಕಿದ್ದರು. ಕರಗಲಿಲ್ಲ. ಮಗಳು ಗಂಡನ ಮನೆಗೆ ಹೋದ ಮೇಲೆ ‘ಹಾಲು ಬಿಡಿಸು, ಮಲ್ಲಿಗೆ ಕಟ್ಟು, ಸರಿಹೋಯ್ತದೆ’ ಎಂದು ಹೇಳಿ ಕಳಿಸಿದ್ದರು.

‘ನೀವು ತಿಕ್ಕಿದ್ದಕ್ಕೆ ಇದು ಬರಲಿಲ್ಲ’ ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗಲಿಲ್ಲ. ಕೊನೆಗೆ ನಾನು ಮಾತು ಬದಲಿಸಲು, ಅವರ ಕಡೆ ಯಾರಿಗಾದರೂ ಇದು ಬಂದಿತ್ತೇ ಎಂದು ಕೇಳಿದೆ.

‘ಯಾರ್ಗೂ ಇಲ್ಲ’ ಎಂದರು, ತಟ್ಟನೆ.

ಮಂಚದ ಮೇಲೆ ಮಲಗಿದ್ದ ಸವಿತಾ ಗೋಡೆ ನೋಡುತ್ತಲೇ ಹೇಳಿದಳು: ‘ದೊಡ್ಡವ್ವ ಯಾತ್ರಲ್ಲಿ ಓದ್ಳು, ಅವ್ವಾ?’

ಜಯಮ್ಮನ ಅಕ್ಕ. ಎದೆಯಲ್ಲಿ ಹುಣ್ಣಾಗಿ, ಸಣ್ಣ ಮಕ್ಕಳನ್ನು ಬಿಟ್ಟು ಸತ್ತಿದ್ದಳು. ವಯಸ್ಸು ಮೂವತ್ತರ ಆಚೆ ಈಚೆ. ಊರಿಗೆಲ್ಲ ಕಾಮಾಲೆ ಎಂದು ಹೇಳಿದ್ದರು, ಯಾಕೆಂದರೆ ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಗಳಿದ್ದವು. ಗುಟ್ಟು ಅಷ್ಟು ಗಟ್ಟಿಯಾಗಿತ್ತು, ಜಯಮ್ಮನಿಗೇ ಅದು ಕಾಮಾಲೆ ಅನ್ನಿಸುವಷ್ಟು. ಒಂದೇ ರಕ್ತದಲ್ಲಿ ಇಬ್ಬರು, ಇಬ್ಬರೂ ಎಳೆಯರು. ಇಂಥ ಮನೆಗಳಲ್ಲಿ ಬಿಆರ್‌ಸಿಎ ಅನ್ನುವ ಜೀನಿನಲ್ಲಿ ದೋಷ ಇರುವ ಸಾಧ್ಯತೆ ಹೆಚ್ಚು. ಸವಿತಾಳ ರಕ್ತ ಕಳಿಸಿದೆವು. ದೋಷ ಇದೆ ಎಂದೇ ಬಂತು. ತಂದೆ ತಾಯಿಯಲ್ಲಿ ಒಬ್ಬರಿಗೆ ಅದು ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಸವಿತಾಳಿಗೊಬ್ಬಳು ತಂಗಿ, ಪವಿತ್ರಾ. ಇಪ್ಪತ್ನಾಲ್ಕು ವಯಸ್ಸು. ಅವಳಿಗೆ ಅಂತರಸಂತೆಯಲ್ಲಿ ಅಂಗಡಿ ಇಟ್ಟಿದ್ದ ಮನೆಯೊಂದಕ್ಕೆ ಮದುವೆ ಗೊತ್ತಾಗಿತ್ತು. ಕಾರ್ತಿಕದಲ್ಲಿ ಲಗ್ನ.

ಅಕ್ಕನನ್ನು ಉಳಿಸಿಕೊಳ್ಳುವುದು ನಮ್ಮ ಕೈ ಮೀರಿತ್ತು. ತಂಗಿಯ ಎದೆಯಲ್ಲಿ ಏನಾದರೂ ಮೊಳೆಯುತ್ತಿದ್ದರೆ ಅದನ್ನು ಹುಣಸೆ ಬೀಜಕ್ಕಿಂತ ಮುಂಚೆ ಹಿಡಿಯಬಹುದು. ಅದೊಂದೇ ಉಳಿದಿತ್ತು. ‘ಅವಳನ್ನ ಒಂದು ಸಲ ಕರೆತನ್ನಿ’ ಎಂದು ಜಯಮ್ಮನಿಗೆ ಹೇಳಿದೆ. ಹೂಂ ಎಂದರು, ಕರೆತರಲಿಲ್ಲ. ಫೋನ್ ಮಾಡಿದೆ, ಗೌರಿ ಹಬ್ಬ ಕಳೆಯಲಿ ಎಂದರು. ಹಬ್ಬ ಕಳೆಯಿತು. ಆಮೇಲೆ ಫೋನೇ ಎತ್ತಲಿಲ್ಲ. ಪವಿತ್ರಾಳ ನಂಬರಿಗೆ ಮಾಡಿದೆ. ‘ಅವ್ವನ್ನ ಕೇಳಿ ಮೇಡಂ’ ಎಂದು ಇಟ್ಟುಬಿಟ್ಟಳು.

ಒಂದು ಭಾನುವಾರ ನಾನೇ ಮಿರ್ಲೆಗೆ ಹೋದೆ. ಡಾಕ್ಟರು ಹೀಗೆ ಮನೆ ಬಾಗಿಲಿಗೆ ಹೋಗಬಾರದು ಎನ್ನುವವರಿದ್ದಾರೆ. ಇರಲಿ. ಜಯಮ್ಮ ಮರ್ಯಾದೆಯಿಂದಲೇ ಕೂರಿಸಿದರು. ಪವಿತ್ರಾ ಕಾಫಿ ತಂದುಕೊಟ್ಟು ಒಳಗೆ ಹೋದಳು. ಅಕ್ಕನದೇ ಕಣ್ಣು, ಅಕ್ಕನದೇ ಗಲ್ಲ.

‘ನಾಲ್ಕು ಜನ ಬತ್ತಾವ್ರೆ, ಓಯ್ತಾವ್ರೆ. ಮದ್ವೆ ಮನೆ ಕಣ್ರೀ ಇದು’ ಎಂದರು ಜಯಮ್ಮ, ದನಿ ತಗ್ಗಿಸಿ. ‘ಮದ್ವೆ ಆಗ್ಲಿ. ಆಮ್ಯಾಕೆ ಅವ್ಳ ಗಂಡ ತೋರಿಸ್ಕತ್ತಾನೆ.’

‘ಆಮೇಲೆ ಬಾಣಂತನಕ್ಕೆ ಬರ್ತಾಳೆ. ಎಣ್ಣೆ ತಿಕ್ಕುವಾಗ ಕೈಗೆ ಸಿಗುತ್ತೆ. ಆಗ ನನ್ನ ಹತ್ರ ಬರ್ತೀರಾ?’

ಹೇಳಬಾರದ ಮಾತು. ನಾಲಿಗೆ ಜಾರಿ ಬಂದದ್ದಲ್ಲ, ಸಿಟ್ಟಿನಿಂದಲೇ ಬಂದದ್ದು. ಜಯಮ್ಮ ಎದ್ದು ಒಳಗೆ ಹೋದರು. ಅವರು ಕಳಿಸಿದ ಪವಿತ್ರಾಳ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಅರಿಶಿನ ಕುಂಕುಮ, ಎಲೆ ಅಡಿಕೆ, ಬಾಳೆಹಣ್ಣು. ಮನೆಗೆ ಬಂದ ಹೆಂಗಸಿಗೆ ಕುಂಕುಮ ಕೊಟ್ಟರೆ ಎದ್ದು ಹೊರಡು ಎಂದೇ ಅರ್ಥ, ಅದರ ಮೇಲೆ ಮಾತಿಲ್ಲ. ನೂರು ಬೈಗುಳಕ್ಕೂ ಜಗ್ಗದ ನಾನು ಒಂದು ಚಿಟಿಕೆ ಕುಂಕುಮ ಇಟ್ಟುಕೊಂಡು ಬಾಯಿ ಮುಚ್ಚಿಕೊಂಡು ಹೊರಬಂದೆ. ಕೆ.ಆರ್. ನಗರ ದಾಟುವವರೆಗೂ ಕಾರಿನಲ್ಲಿ ಅಳುತ್ತಲೇ ಬಂದೆ.

ಆಯುಧಪೂಜೆಯ ಹಿಂದಿನ ದಿನ ಮೈಸೂರಿನ ಕ್ಯಾನ್ಸರ್ ಡಾಕ್ಟರು ಫೋನ್ ಮಾಡಿದರು. ಸವಿತಾ ಕಿಮೋ ಬೇಡ ಎನ್ನುತ್ತಿದ್ದಾಳಂತೆ. ಮೊದಲ ಸಲದ ಕಿಮೋಗೆ ಗಡ್ಡೆ ಸ್ವಲ್ಪ ಮೆತ್ತಗಾಗಿತ್ತು, ಅವಳೂ ಎದ್ದು ಓಡಾಡುವಂತಾಗಿದ್ದಳು. ಈಗ ನಿಲ್ಲಿಸಿದರೆ ಅದು ಮೊದಲಿಗಿಂತ ಜೋರಾಗಿ ಮೇಲೇಳುತ್ತದೆ. ‘ನಿಮ್ಮ ಮಾತು ಕೇಳ್ತಾಳೆ, ಬನ್ನಿ’ ಎಂದರು. ಹೋದೆ.

ಕೂದಲೆಲ್ಲ ಉದುರಿದ ತಲೆಗೆ ಟವೆಲ್ ಸುತ್ತಿಕೊಂಡು ಮಂಚದ ಮೇಲೆ ಕೂತಿದ್ದಳು. ಲೋಕೇಶ ಮೂಲೆಯಲ್ಲಿ ನಿಂತಿದ್ದ. ಅವನ ಮುಖ ನೋಡಲಾಗುತ್ತಿರಲಿಲ್ಲ.

‘ಏನೇ ಇದು ನಿನ್ನ ಹಟ?’ ಎಂದೆ.

‘ಪವಿತ್ರನ್ನ ಸ್ಕ್ಯಾನ್ ಮಾಡಿ. ಆಮ್ಯಾಕೆ ನನ್ಗೆ ಸೂಜಿ ಆಕ್ಲಿ.’

‘ಅವಳ ವಿಷಯ ನಾನು ನೋಡ್ಕೋತೀನಿ. ನೀನು ಔಷಧಿ ತಗೋ.’

‘ನೀವು ಮಿರ್ಲೆಗೋಗಿ ಕುಂಕುಮ ಇಟ್ಕಂಡು ಬಂದ್ರಂತೆ’ ಎಂದಳು. ಅಂಥ ಸ್ಥಿತಿಯಲ್ಲೂ ಅವಳ ತುಟಿಯಲ್ಲಿ ನಗು ಇತ್ತು. ‘ಅವ್ವನ್ ಮುಂದೆ ನಿಮ್ಮ ಬಾಯಿ ನಡ್ಯಲ್ಲ ಬುಡಿ.’

ಅವಳು ಮಾಡುತ್ತಿದ್ದುದು ನನಗೆ ಬೇಕಾದದ್ದೇ. ಆದರೆ ಅದಕ್ಕೆ ಅವಳು ಪಣಕ್ಕಿಟ್ಟಿದ್ದು ತನ್ನ ಉಳಿದ ದಿನಗಳನ್ನು. ಯಾವ ಡಾಕ್ಟರು ಇದಕ್ಕೆ ಹೂಂ ಎಂದಾರು? ಅಡಕತ್ತರಿಗೆ ಸಿಕ್ಕಿದ ಅಡಿಕೆಯಾದೆ. ಬೈದೆ, ಬೇಡಿಕೊಂಡೆ, ಮಗುವಿನ ಹೆಸರು ಹೇಳಿದೆ.

‘ಇದಕ್ಕೆ ನಾನು ಒಪ್ಪಲ್ಲ ಸವಿತಾ’ ಎಂದೆ ಕೊನೆಗೆ.

‘ನೀವ್ ಒಪ್ಪಬೇಕಾಗಿಲ್ಲ ಡಾಕ್ಟ್ರೇ. ಅವ್ವ ಒಪ್ಪಬೇಕು.’

ಹಬ್ಬ ಮುಗಿಯಿತು. ಅವಳು ಸೂಜಿಗೆ ಕೈ ಕೊಡಲಿಲ್ಲ. ಲೋಕೇಶ ಮಿರ್ಲೆಗೆ ಹೋಗಿ ಅತ್ತೆಯ ಕಾಲು ಹಿಡಿದನಂತೆ. ಜಯಮ್ಮ ಮೈಸೂರಿಗೆ ಬಂದು ಮಗಳ ಕೆನ್ನೆಗೆ ಒಂದು ಹೊಡೆದು, ಅಪ್ಪಿಕೊಂಡು ಅತ್ತು, ಹೊರಗೆ ಬಂದು ವಾರ್ಡಿನ ನರ್ಸಿಗೆಲ್ಲ ಕೈ ಮುಗಿದರಂತೆ. ಒಬ್ಬಳನ್ನು ಉಳಿಸಿಕೊಳ್ಳಲು ಇನ್ನೊಬ್ಬಳ ಮದುವೆ ಬಲಿ ಕೊಡಬೇಕೆ ಎಂದು ಆ ತಾಯಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ದೊಡ್ಡವಳು ಉಳಿಯುವುದಿಲ್ಲ ಎಂದು ಆ ಹೊತ್ತಿಗೆ ಅವರಿಗೂ ಗೊತ್ತಿತ್ತು. ಆದರೂ ಒಪ್ಪಿದರು. ಔಷಧಿ ಬೇಡ ಎನ್ನುವ ಮಗಳನ್ನು ಸುಮ್ಮನೆ ನೋಡುತ್ತಾ ಕೂರಲು ಯಾವ ತಾಯಿಗೆ ಆಗುತ್ತದೆ?

ಪವಿತ್ರಾ ನನ್ನ ಸ್ಕ್ಯಾನಿಂಗ್ ಕೋಣೆಗೆ ಬಂದದ್ದು ಮುಖಕ್ಕೆ ಮಾಸ್ಕ್, ತಲೆಯ ಮೇಲೆ ಸೆರಗಿನಂತೆ ದುಪಟ್ಟಾ ಹೊದ್ದು. ಜಯಮ್ಮ ಬಾಗಿಲ ಆಚೆ ಬಸುರಿಯರ ಸಾಲಿನಲ್ಲಿ ಕೂತರು. ಎದೆಗೆ ಜೆಲ್ ಹಚ್ಚಿ ಪ್ರೋಬ್ ಇಟ್ಟಾಗ ಹುಡುಗಿ ಮಾಸ್ಕ್ ಕೆಳಗೆ ಎಳೆದಳು.

‘ಏನಾರ ಇದ್ರೆ ಅಕ್ಕನ್ಗೆ ಯೋಳ್ಬ್ಯಾಡಿ ಮೇಡಂ’ ಎಂದಳು. ‘ಅವ್ಳು ಕಿಮೋ ತಗಳ್ಳಿ ಮೊದ್ಲು.’

ಆ ದಿನ ನಾನು ಆಡಿಸಿದಷ್ಟು ನಿಧಾನವಾಗಿ ಪ್ರೋಬನ್ನು ಇನ್ಯಾವತ್ತೂ ಆಡಿಸಿಲ್ಲ. ಮೇಲಿನಿಂದ ಕೆಳಕ್ಕೆ, ಹೊರಗಿನಿಂದ ತೊಟ್ಟಿನವರೆಗೆ, ಎರಡು ಕಂಕುಳು, ಮತ್ತೆ ಮೊದಲಿನಿಂದ. ಏನೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತೆ. ಆಮೇಲೆ ಅವಳಿಗೆ ವಿವರಿಸಿದೆ: ಈವತ್ತು ಇಲ್ಲ ಎಂದರೆ ಯಾವತ್ತೂ ಇಲ್ಲ ಎಂದಲ್ಲ. ಇದು ಸಿಡುಬಿನ ಲಸಿಕೆಯಲ್ಲ, ಒಂದು ಸಲ ಹಾಕಿಸಿ ಮರೆಯಲು. ವರ್ಷ ವರ್ಷ ಬರಬೇಕು, ಮೈಸೂರಿನಲ್ಲಿ ಎಂಆರ್‌ಐ ಮಾಡಿಸಬೇಕು. ಅಕ್ಕನ ಹಾಗೆ ಜೀನಿನ ಪರೀಕ್ಷೆ ಮಾಡಿಸಿದರೆ, ದೋಷ ಇಲ್ಲ ಎಂದು ಬಂದಲ್ಲಿ ಇಷ್ಟೆಲ್ಲ ಓಡಾಟ ಬೇಕಾಗದು.

‘ಅದ್ ಬ್ಯಾಡ’ ಎಂದಳು. ‘ಐತೆ ಅಂತ ಬಂದ್ರೆ ನಾನು ಬದುಕೋದೆಂಗೆ? ವರ್ಸಕ್ಕೊಂದ್ಸಲ ಬತ್ತೀನಿ.’

ಆ ಸಂಜೆಯೇ ಸವಿತಾ ಸೂಜಿಗೆ ಕೈ ಚಾಚಿದಳು. ‘ಏನೂ ಇಲ್ಲ’ ಎಂದು ಅವಳಿಗೆ ಫೋನಿನಲ್ಲಿ ಹೇಳಿದವಳು ನಾನೇ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಪವಿತ್ರಾ ಸ್ಕ್ಯಾನಿಂಗಿಗೆ ಬಂದ ಸುದ್ದಿಯನ್ನು ಯಾರು ಆಡಿದರೋ ಈವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಸಾಲಿನಲ್ಲಿ ಅಂತರಸಂತೆ ಕಡೆಯ ಬಸುರಿ ಯಾರಾದರೂ ಕೂತಿದ್ದಳೋ ಏನೋ. ದೀಪಾವಳಿಗೆ ಮುಂಚೆ ಗಂಡಿನ ಕಡೆಯಿಂದ ಇಬ್ಬರು ಹಿರಿಯರು ಮಿರ್ಲೆಗೆ ಬಂದು, ಜಗಳ ಇಲ್ಲದೆ, ಬಹಳ ಗೌರವದಿಂದ, ಹುಡುಗನಿಗೆ ಗುರುಬಲ ಕೂಡಿಬಂದಿಲ್ಲ ಎಂದು ಹೇಳಿ ಹೋದರು. ಕಾರ್ತಿಕದ ಲಗ್ನ ನಿಂತಿತು. ಸವಿತಾ ಅದನ್ನೂ ಕೇಳಿಸಿಕೊಂಡಳು. ಕಿಮೋ ಸ್ವಲ್ಪ ದಿನ ಹಿಡಿಯಿತು, ಆಮೇಲೆ ಹಿಡಿಯಲಿಲ್ಲ. ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಶಿವರಾತ್ರಿ ಕಳೆದು ವಾರಕ್ಕೆ ಗಂಡನ ಮನೆಯಲ್ಲೇ ತೀರಿಕೊಂಡಳು.

ಸಮಾಧಿಗೆ ಹಾಲುತುಪ್ಪ ಬಿಡುವ ದಿನ ಹೋದೆ. ಖಾಲಿ ಬ್ಯಾರನ್ನಿನ ನೆರಳಿನಲ್ಲಿ ಹೆಂಗಸರು ಕೂತಿದ್ದರು. ಮಗು ಪವಿತ್ರಾಳ ಸೊಂಟದ ಮೇಲಿತ್ತು. ನನ್ನನ್ನು ಕಂಡ ಜಯಮ್ಮ ಎದ್ದು ಬಂದು ಎದುರಿಗೆ ನಿಂತರು. ಅಳುತ್ತಿರಲಿಲ್ಲ.

‘ಏನೂ ಇರ್ನಿಲ್ವಲ್ಲ ಡಾಕ್ಟ್ರೇ’ ಎಂದರು. ‘ಏನೂ ಇರ್ನಿಲ್ಲ. ಇಲ್ಲದ್ದನ್ನ ಹುಡುಕಕ್ಕೋಗಿ ಚಿಕ್ಕೋಳ್ ಬಾಳು ಕೆಡಿಸಿದ್ರಿ. ದೊಡ್ಡೋಳೂ ಓದ್ಳು. ಒಂದೂ ಉಳ್ಸ್ನಿಲ್ಲ ನೀವು. ನಿಮ್ಮ ಮೆಷಿನ್ನಿಗೆ ಬೆಂಕಿ ಬೀಳ.’

ನಲವತ್ತು ಜನರ ಎದುರಿಗೆ. ಏನು ಹೇಳಲಿ? ಸಿಕ್ಕಿದ್ದರೆ ಒಳ್ಳೆಯದಿತ್ತು ಎನ್ನಲೇ? ಅಂದು ಮನೆಗೆ ಬಂದ ಮೇಲೆ, ಇಷ್ಟು ವರ್ಷ ಮಾಡಿದ ಕೆಲಸದ ಮೇಲೇ ನನಗೆ ಜಿಗುಪ್ಸೆ ಬಂತು. ಕೊಪ್ಪದಲ್ಲಿ ಆ ಮಲ್ಲಿಗೆಯ ವಾಸನೆ ನನ್ನ ಮೂಗಿಗೆ ಬಡಿಯದೆ ಇದ್ದಿದ್ದರೆ ಈ ಮನೆಯವರ ಒಂದು ಮದುವೆಯಾದರೂ ನಡೆಯುತ್ತಿತ್ತು ಎಂದು ಕೂಡ ಅನ್ನಿಸಿತು. ಹೌದು, ಅನ್ನಿಸಿತು. ಸುಳ್ಳು ಹೇಳಿ ಏನು ಪ್ರಯೋಜನ.

ಆಷಾಢ ಬಂತು, ಹೊಗೆಸೊಪ್ಪು ಮುರಿಯುವ ಕಾಲ ಬಂತು. ಪವಿತ್ರಾಳ ವರ್ಷದ ಪರೀಕ್ಷೆ ಹತ್ತಿರವಾಯಿತು. ನಮ್ಮ ನರ್ಸ್ ಫೋನ್ ಮಾಡಿದಳು, ರಿಂಗ್ ಆಗಿ ನಿಂತಿತು. ನಾನು ಮಾಡಿದೆ, ಸ್ವಿಚ್ಡ್ ಆಫ್. ಇನ್ನೊಂದು ಸಲ ಮಿರ್ಲೆಗೆ ಹೋಗಲು ನನಗೆ ಧೈರ್ಯವಾಗಲಿಲ್ಲ. ಒಂದು ಸಲ ‘ಏನೂ ಇಲ್ಲ’ ಎಂದು ಕೇಳಿದವರು ಮತ್ತೆ ಬರುವುದು ಎಷ್ಟು ಕಡಿಮೆ ಎಂದು ನನಗೆ ಗೊತ್ತಿತ್ತು. ಅದರಲ್ಲೂ ಆ ಎರಡು ಮಾತಿಗೆ ಇಷ್ಟು ಬೆಲೆ ತೆತ್ತ ಮನೆಯವರು. ದಸರಾದ ಹೊತ್ತಿಗೆ ನಾನು ಆಸೆ ಬಿಟ್ಟಿದ್ದೆ. ಕೆಲಸದ ಮಧ್ಯೆ ಯಾವಳೋ ಹುಡುಗಿ ಮಾಸ್ಕ್ ಹಾಕಿ ಬಂದರೆ ಮಾತ್ರ ಚೀಟಿಯಲ್ಲಿ ಹೆಸರು ನೋಡುತ್ತಿದ್ದೆ.

ದಸರಾ ರಜೆ ಮುಗಿದ ಮೇಲೆ ಒಂದು ಬೆಳಿಗ್ಗೆ ಬಾಗಿಲು ತೆಗೆದಾಗ ಸಾಲಿನ ಮೊದಲಿಗೆ ಜಯಮ್ಮ ನಿಂತಿದ್ದರು. ಮೊದಲ ಬಸ್ಸಿಗೇ ಹೊರಟಿರಬೇಕು. ಮೈ ಇಳಿದುಹೋಗಿತ್ತು. ಪಕ್ಕದಲ್ಲಿ ಪವಿತ್ರಾ, ಮುಖಕ್ಕೆ ಮಾಸ್ಕ್ ಇಲ್ಲ, ತಲೆಯ ಮೇಲೆ ದುಪಟ್ಟಾ ಇಲ್ಲ. ಕಂಕುಳಲ್ಲಿ ಸವಿತಾಳ ಮಗ.

ನಾನು ‘ಬನ್ನಿ’ ಎನ್ನುವ ಮೊದಲೇ ಜಯಮ್ಮ ಹೇಳಿದರು: ‘ನಿಮ್ಮ ಮ್ಯಾಲಿನ ಸಿಟ್ಟು ಅಂಗೇ ಅದೆ ಡಾಕ್ಟ್ರೇ. ಓಗಿಲ್ಲ. ಇವ್ಳನ್ನ ನೋಡಿ.’

ಮಗುವನ್ನು ಅವರೇ ಎತ್ತಿಕೊಂಡರು. ಈ ಸಲ ಹೊರಗೆ ಕೂರಲಿಲ್ಲ, ಒಳಗೆ ಬಂದು ಮಂಚದ ತಲೆಯ ಕಡೆ ನಿಂತರು. ಕಂಪ್ಯೂಟರಿನ ಪರದೆಯ ಮೇಲಿನ ಕಪ್ಪು ಬಿಳುಪನ್ನು ಅವರು ರೆಪ್ಪೆ ಹೊಡೆಯದೆ ನೋಡುತ್ತಿದ್ದರು. ನಾನು ಪ್ರೋಬ್ ನಿಲ್ಲಿಸಿದಲ್ಲೆಲ್ಲ ಅವರ ಉಸಿರೂ ನಿಲ್ಲುತ್ತಿತ್ತು. ಕಂಕುಳು ನೋಡಿದೆ. ಮತ್ತೆ ಮೊದಲಿನಿಂದ ನೋಡಿದೆ. ಪ್ರೋಬ್ ಕೆಳಗಿಟ್ಟು ಕೈ ಒರೆಸಿಕೊಂಡೆ.

ನಾನು ಸ್ಕ್ಯಾನಿಂಗ್ ಕೋಣೆಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ, ಗಡ್ಡೆ ಹುಡುಕುವುದೇ ನನ್ನ ಕೆಲಸ ಎಂದುಕೊಂಡಿದ್ದೆ. ಗಡ್ಡೆ ಸಿಕ್ಕರೆ ಕೆಲಸ ಆಯಿತು, ಸಿಗದಿದ್ದರೆ ಮುಂದಿನವರು ಬನ್ನಿ. ಆ ಮನೆಯವರು ನನಗೆ ಕಲಿಸಿದ್ದು ಬೇರೆ. ಎಳೆಯ ಹೆಣ್ಣುಮಕ್ಕಳ ತಪಾಸಣೆಯಲ್ಲಿ ಹೆಚ್ಚಿನ ದಿನ ಸಿಗುವುದು ಏನೂ ಇಲ್ಲ ಅನ್ನುವ ಉತ್ತರವೇ. ಅದು ಒಂದು ವರ್ಷಕ್ಕೆ ಮಾತ್ರ ಬಾಳುವ ಉತ್ತರ. ಅದನ್ನು ಕೇಳಲು ಒಬ್ಬ ತಾಯಿ ತನ್ನ ಸಿಟ್ಟು, ಊರಿನ ಬಾಯಿ, ಸತ್ತ ಮಗಳು ಎಲ್ಲವನ್ನೂ ಹೊತ್ತುಕೊಂಡು ವರ್ಷ ವರ್ಷ ಬಸ್ ಹತ್ತಬೇಕಾಗುತ್ತದೆ. ಹಾಗೆ ಬಂದವರಿಗೆ ಬಯ್ಯದೆ, ಅವಸರ ಮಾಡದೆ, ಮುಖ ನೋಡಿ ಉತ್ತರ ಹೇಳಬೇಕು.

‘ಏನೂ ಇಲ್ಲ ಜಯಮ್ಮ’ ಎಂದೆ.

ಅವರು ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಕೂತರು. ಮಗುವಿನ ತಲೆಗೆ ಮುಖ ಒತ್ತಿಕೊಂಡು, ಸವಿತಾ ಸತ್ತಾಗಲೂ ನಾನು ಕಾಣದ ಅಳುವನ್ನು ಅತ್ತರು. ಪವಿತ್ರಾ ಎದ್ದು ಕೂತು ಅವರ ಭುಜದ ಮೇಲೆ ಕೈ ಇಟ್ಟಳು. ಜಯಮ್ಮ ತಲೆ ಎತ್ತದೆಯೇ ಹೇಳಿದರು:

‘ಇನ್ನೊಂದ್ ಸಲ ಅನ್ನಿ.’

ನಾನು ಅವರ ಪಕ್ಕ ನೆಲದ ಮೇಲೆ ಕೂತು ಇನ್ನೊಂದು ಸಲ ಹೇಳಿದೆ.